ಮೈ ಬಿಸಿ ಕಂಡ ಕಂಬಳಿ

ಸಾಹೇಬರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಎದುರಿಗೆ ಬಂದವರ ಅಂಗಿಯ ತುದಿಯೋ ಹೆಗಲ ಮೇಲಿನ ಟವಲೋ ಆ ಎರಡು ಬೆರಳುಗಳ ನಡುವೆ ಸಿಕ್ಕಿಬಿಡುತ್ತಿತ್ತು. ಮಾತು ಮಳೆಯದಿರಲಿ, ಮನೆಯ ಕಾಯಿಲೆಯದಿರಲಿ, ಬೆರಳುಗಳು ತಮ್ಮ ಪಾಡಿಗೆ ತಾವು ಬಟ್ಟೆಯನ್ನು ಉಜ್ಜಿ ನೋಡುತ್ತಿದ್ದವು. ಒಮ್ಮೆ ಅಮಲ್ದಾರರ ಕೋಟಿನ ತೋಳನ್ನೇ ಹಿಡಿದು, ಅವರು ಕಣ್ಣು ಕೆಂಪಗೆ ಮಾಡಿದ ಮೇಲೆ ಬಿಟ್ಟರಂತೆ. ಉಣ್ಣೆಯ ಜಿಡ್ಡು ಹತ್ತಿ ಹತ್ತಿ ಆ ಬೆರಳುಗಳ ತುದಿ ಹಳೆಯ ಬಾಗಿಲ ಚಿಲಕದ ಹಾಗೆ ಹೊಳೆಯುತ್ತಿತ್ತು. ಗಡ್ಡದಲ್ಲಿ ಕರಿಯ ಉಣ್ಣೆಯ ಎಳೆಗಳು ಸದಾ ಸಿಕ್ಕಿಕೊಂಡಿರುತ್ತಿದ್ದವು.

ಗಡ್ಡ ಆಗಲೇ ಬೆಳ್ಳಗಿತ್ತೇ? ನನ್ನ ನೆನಪಿನಲ್ಲಿ ಬೆಳ್ಳಗಿದೆ. ಆದರೆ ನಾನು ಹೇಳಹೊರಟಿರುವ ವರ್ಷದಲ್ಲಿ ಅವರಿಗೆ ಐವತ್ತು ದಾಟಿರಲಾರದು. ಕಡೆಗೆ ಕಂಡ ಮುಖವನ್ನು ಮೊದಲಿನ ಮುಖದ ಮೇಲೆ ಅಂಟಿಸಿಕೊಂಡಿದ್ದೇನೆಂದು ತೋರುತ್ತದೆ. ಆ ದಿನಗಳಲ್ಲಿ ನಾನು ಡೈರಿ ಬರೆಯುತ್ತಿದ್ದೆ. ಈಚೆಗೆ ತೆಗೆದು ನೋಡಿದರೆ, ‘ಸಾಹೇಬರು ಬಂದರು. ಸೆಕೆ’ ಎಂದಷ್ಟೇ ಇದೆ. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗನಿಗೆ ಬರೆಯಲು ಬೇರೆ ದೊಡ್ಡ ವಿಚಾರಗಳಿದ್ದವು. ಹಾಗಾಗಿ ಮುಂದೆ ಬರುವುದೆಲ್ಲ ನೆನಪಿನ ಬಲದ ಮೇಲೆ ಬರೆದದ್ದು. ಅದರಲ್ಲೂ ಬೊಂಬಾಯಿಯ ಭಾಗ ನಾನು ಕಂಡದ್ದಲ್ಲ, ಕೇಳಿದ್ದು. ಸಾಹೇಬರು ಅದನ್ನು ನನ್ನೆದುರಿಗೇ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಒಂದಿಷ್ಟು ಬೇರೆಯಾಗಿ.

ಸಿರಾದಲ್ಲಿ ನಮ್ಮ ಮನೆಯ ಎದುರಿಗೆ ಅವರ ಕಂಬಳಿ ಅಂಗಡಿ. ಉಣ್ಣೆ ಬರುತ್ತಿದ್ದದ್ದು ಬರಗೂರಿನ ಕಡೆಯಿಂದ, ಪಾವಗಡದ ಕುರಿಗಾರರಿಂದ. ಪಾವಗಡದವರೊಡನೆ ತೆಲುಗಿನಲ್ಲಿ ಚೌಕಾಸಿ, ನೇಕಾರರೊಡನೆ ಕನ್ನಡದಲ್ಲಿ ಜಗಳ, ಮನೆಯೊಳಗೆ ಉರ್ದುವಿನಲ್ಲಿ ಶರಣಾಗತಿ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಂಗಡಿಯ ಹಿಂದಿನ ಓಣಿಯೆಲ್ಲ ಕಂಬಳಿ ಮಗ್ಗಗಳು. ಬೆಳಗಿನ ಹೊತ್ತು ಹಾಸಿನ ಉದ್ದೆಳೆಯ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜ ಬೇಯಿಸಿ ಅರೆದ ಗಂಜಿಯನ್ನು ಕುಂಚದಿಂದ ಬಳಿಯುತ್ತಿದ್ದರು. ಆ ಗಂಜಿಯ ವಾಸನೆಯಲ್ಲೇ ನಾನು ಬೆಳೆದದ್ದು. ಗಂಜಿ ಕುಡಿದ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ. ಮಳೆಯ ನೀರು ಅದರ ಮೇಲೆ ಬಿದ್ದು ಜಾರಿಹೋಗುತ್ತದೆ. ಹೊಲದಲ್ಲಿ ಕುರಿ ಕಾಯುವವನಿಗೆ ಅದೇ ಮನೆ.

ಓಣಿಗೆ ಹಿರಿಯನಾದ ನೇಕಾರನನ್ನು ಎಲ್ಲರೂ ಯಜಮಾನ ಎನ್ನುತ್ತಿದ್ದರು. ಒಣಕಲು ಮೈ, ಎತ್ತರದ ಆಳು, ಮಾತು ಕಡಿಮೆ. ಅವನ ಕಂಬಳಿಯ ಅಂಚಿನಲ್ಲಿ ಬಿಳಿಯ ಎರಡು ಗೆರೆ ಓಡುತ್ತಿದ್ದವು, ಅದು ಅವನ ಮನೆಯ ಗುರುತು. ಉಳಿದವರು ಹಾಸಿನ ನೂಲಿಗೆ ಮಾತ್ರ ಗಂಜಿ ಬಳಿದರೆ, ಯಜಮಾನ ನಾನು ಹೇಳಹೊರಟಿರುವ ವರ್ಷಕ್ಕೆ ಸ್ವಲ್ಪ ಮುಂಚಿನಿಂದ ನೇಯ್ದಾದ ಮೇಲೂ ಇನ್ನೊಂದು ಕೈ ಬಳಿಯುತ್ತಿದ್ದ. ಬೊಂಬಾಯಿಗೆ ಹೋಗುವ ಮಾಲು, ದೂರದ ಜನ, ಒಳ್ಳೆಯದನ್ನೇ ಕಳಿಸಬೇಕು ಎಂಬುದು ಅವನ ಲೆಕ್ಕ. ಅವನನ್ನು ನೋಡಿ ಓಣಿಯವರೂ ಬೊಂಬಾಯಿಯ ಮಾಲಿಗೆ ಎರಡು ಕೈ ಬಳಿಯತೊಡಗಿದರು.

ಆ ಮಾಲು ಪುಣೆ ರಸ್ತೆಯಲ್ಲಿ ಲಾರಿಯ ಮೇಲೆ ಹೋಗುತ್ತಿತ್ತು. ಸಾಹೇಬರು ಡ್ರೈವರನ ಪಕ್ಕ ಕೂತು ಹೋಗಿ, ಅಲ್ಲೊಬ್ಬ ಸೇಟುವಿನ ಗೋಡೌನಿನಲ್ಲಿ ಇಳಿಸಿ, ಅದೇ ಲಾರಿಯಲ್ಲಿ ತಿರುಗಿ ಬರುತ್ತಿದ್ದರು. ಬೊಂಬಾಯಿ ಹೇಗಿದೆ ಎಂದು ಕೇಳಿದರೆ, “ಒಂದು ಗೋಡೌನು, ಒಂದು ಮಸೀದಿ, ಒಂದು ಚಾ ಅಂಗಡಿ. ಅಷ್ಟೇ ಕಣಪ್ಪ ಬೊಂಬಾಯಿ” ಎನ್ನುತ್ತಿದ್ದರು. ವರ್ಷಗಟ್ಟಲೆ ಹೋಗಿ ಬಂದವರು ಸಮುದ್ರ ನೋಡಿರಲಿಲ್ಲ. ಓಣಿಯ ಹೆಂಗಸರು ಇದಕ್ಕಾಗಿ ಅವರನ್ನು ಬಹಳ ಗೇಲಿ ಮಾಡುತ್ತಿದ್ದರು.

ಐವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಸೇಟು ಡ್ರೈವರನ ಬಾಯಲ್ಲಿ ಹೇಳಿ ಕಳಿಸಿದ: ಹೊಸ ಮಾಲು ತರಬೇಡ, ನೀನು ಬಾ. ಸಾಹೇಬರು ಹೋಗಿ ನೋಡಿದರೆ ಗೋಡೌನಿನ ಮೂಲೆಯಲ್ಲಿ ನಮ್ಮೂರಿನ ಕಂಬಳಿಗಳ ರಾಶಿ. ಕೊಂಡವರು ವಾಪಸು ತಂದು ಎಸೆದದ್ದು. ಯಾಕೆಂದು ಕೇಳಿದರೆ ಸೇಟುವಿಗೂ ಗೊತ್ತಿಲ್ಲ. ಅವನು ಮಾರುವುದು ಚಿಲ್ಲರೆ ಅಂಗಡಿಗಳಿಗೆ, ಅವರು ಇನ್ನಾರಿಗೋ. “ಮಾಲ್ ಖರಾಬ್” ಎಂಬುದೇ ಅವನ ಉತ್ತರ. ಮರುದಿನ ಸಂಜೆ ಲಾರಿ ಹೊರಡುತ್ತದೆ, ಇದನ್ನೆಲ್ಲ ತುಂಬಿಕೊಂಡು ಹೋಗು, ಮುಂದೆ ತರುವುದು ಬೇಡ ಎಂದುಬಿಟ್ಟ.

ಮಧುಗಿರಿ, ಕೊರಟಗೆರೆಯ ಸಂತೆಗಳಲ್ಲಿ ಹೋಗುತ್ತಿದ್ದ ಕಂಬಳಿಗಳು ಬೆರಳೆಣಿಕೆಯಷ್ಟು. ಬೊಂಬಾಯಿ ಕೈಬಿಟ್ಟರೆ ಓಣಿಯ ಮಗ್ಗಗಳೆಲ್ಲ ಆ ವರ್ಷವೇ ನಿಲ್ಲುತ್ತಿದ್ದವು. ಸಾಹೇಬರು ಆ ರಾತ್ರಿ ಒಂದು ಕಂಬಳಿಯನ್ನೂ ಬಿಡದೆ ಬೆರಳಾಡಿಸಿ ನೋಡಿದರಂತೆ. ಉಣ್ಣೆ ಗಟ್ಟಿ, ನೇಯ್ಗೆ ಗಟ್ಟಿ, ಗಂಜಿ ಭರ್ಜರಿ. ತಪ್ಪೇ ಸಿಗಲಿಲ್ಲ.

ಮರುದಿನ ಲಾರಿ ಹೊರಡುವ ತನಕ ಮಾಡಲು ಏನೂ ಕೆಲಸವಿರಲಿಲ್ಲ. ಡ್ರೈವರು ಅವರ ಮುಖ ನೋಡಲಾರದೆ, ಊರಾದರೂ ನೋಡಿಕೊಂಡು ಬನ್ನಿ ಎಂದ. ಸಮುದ್ರದ ದಂಡೆಯ ದೊಡ್ಡ ಕಮಾನು, ಹುಲಿ ಸಿಂಹ ಇರುವ ತೋಟ, ಅರಮನೆಯಂಥ ರೈಲು ನಿಲ್ದಾಣ ಎಂದು ಹೆಸರು ಹೇಳಿ, ತಾನು ಮಲಗಿದ. ಸಾಹೇಬರು ಒಬ್ಬರೇ ಹೊರಟರು.

ಮೊದಲು ಸಮುದ್ರಕ್ಕೇ ಹೋದರು. ಓಣಿಯ ಹೆಂಗಸರಿಗೆ ಉತ್ತರ ಕೊಡಬೇಕಿತ್ತಲ್ಲ. ಅದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು. “ನಮ್ಮೂರ ಕೆರೆ ಇದ್ದಲ್ಲೇ ಇರ್ತದೆ. ಇದು ಅಂಗಲ್ಲ ಕಣಪ್ಪ. ಬರ್ತದೆ, ಕಾಲು ಮುಟ್ತದೆ, ಏನೋ ಮರೆತು ಬಂದಂಗೆ ವಾಪಸ್ ಓಡ್ತದೆ.” ಬಗ್ಗಿ ಆ ನೀರನ್ನೂ ಎರಡು ಬೆರಳಿನಲ್ಲಿ ಉಜ್ಜಿ ನೋಡಿದರು. ಉಣ್ಣೆ ತೊಳೆದ ನೀರಿನ ಹಾಗೆ ಅಂಟುಅಂಟಾಗಿತ್ತಂತೆ.

ಅಲ್ಲಿ ನಿಂತಿದ್ದಾಗಲೇ ಅವರಿಗೆ ಆ ಪ್ರಶ್ನೆ ಹೊಳೆದದ್ದು. ಸುತ್ತ ಜನವೋ ಜನ, ಎಲ್ಲರ ಮೈಮೇಲೂ ತೆಳುವಾದ ಬಿಳಿ ಬಟ್ಟೆ, ಎಲ್ಲರ ಬೆನ್ನೂ ಬೆವರಿನಲ್ಲಿ ತೊಯ್ದಿದೆ. ಈ ಊರಿನಲ್ಲಿ ಚಳಿ ಎಂಬುದೇ ಇಲ್ಲ. “ಇಷ್ಟು ವರ್ಷ ಲಾರಿ ಲಾರಿ ಕಂಬ್ಳಿ ತಂದು ಸುರಿದ್ನಲ್ಲಾ, ಇಲ್ಲಿ ಅದನ್ನ ಹೊದ್ಕೊಳ್ಳೋನು ಯಾವನು? ಒಂದ್ಸಲನಾದ್ರೂ ಕೇಳ್ಲಿಲ್ವಲ್ಲ ನಾನು!” ಈ ಮಾತು ಬಂದಾಗಲೆಲ್ಲ ತಮ್ಮ ಹಣೆಯನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಕಮಾನನ್ನೂ ಹುಲಿಯನ್ನೂ ಬಿಟ್ಟು, ಬೊಂಬಾಯಿಯಲ್ಲಿ ನಮ್ಮೂರ ಕಂಬಳಿ ಎಲ್ಲಿದೆ ಎಂದು ನೋಡಲು ಹೊರಟರು. ಬೇರೆಯವರು ಊರು ನೋಡಿದರು, ಇವರು ಊರಿನಲ್ಲಿ ತಮ್ಮ ಊರನ್ನು ಹುಡುಕಿದರು.

ಮೀನಿನ ಮಾರುಕಟ್ಟೆಯ ಬಾಗಿಲಲ್ಲಿ ಸಿಕ್ಕಿತು. ಕೈಗಾಡಿಯ ಮೇಲೆ ಏನನ್ನೋ ಕಂಬಳಿಯಲ್ಲಿ ಸುತ್ತಿ ತರುತ್ತಿದ್ದರು. ಅಂಚಿನಲ್ಲಿ ಬಿಳಿಯ ಎರಡು ಗೆರೆ. ಸಾಹೇಬರು ಓಡಿ ಹೋಗಿ ಕೈಯಿಟ್ಟರು, ಇಟ್ಟವರೇ ಕೈ ಎಳೆದುಕೊಂಡರು. ಕಂಬಳಿ ತಣ್ಣಗೆ ಕೊರೆಯುತ್ತಿತ್ತು. ಒಳಗಿದ್ದದ್ದು ಐಸಿನ ದಿಮ್ಮಿ. ಗಾಡಿಯವನಿಗೆ ಹಿಂದೂಸ್ತಾನಿಯಲ್ಲಿ, ಐಸಿಗೂ ಚಳಿಯಾಗುತ್ತದೇನಪ್ಪ ಎಂದು ಕೇಳಿದರಂತೆ. ಅವನು ನಕ್ಕು, ಒಳಗಿನ ಚಳಿ ಹೊರಗೆ ಹೋಗದಿರಲಿ, ಹೊರಗಿನ ಬಿಸಿಲು ಒಳಗೆ ಬಾರದಿರಲಿ ಎಂದ. ಮಾಲು ಹೇಗಿದೆ ಎಂದದ್ದಕ್ಕೆ, ಇದರಂಥದ್ದು ಇಲ್ಲ, ಇಷ್ಟು ಸೆಟೆದ ಕಂಬಳಿ ಬೇರೆ ಊರಿನದು ಸಿಗುವುದಿಲ್ಲ ಎಂದು ಹೊಗಳಿದ. ಹಾಗಾದರೆ ವಾಪಸು ತಂದು ಎಸೆದವರು ಐಸಿನವರಲ್ಲ.

ಇಸ್ತ್ರಿಯವನು ಸಿಕ್ಕಿದ್ದು ಅದಾದ ಮೇಲೆ. ಒಂದು ಸಲ ಹೇಳುವಾಗ ಅವನು ಬೋಳು ತಲೆಯ ಮುದುಕ, ಇನ್ನೊಂದು ಸಲ ರುಮಾಲು ಸುತ್ತಿದ ಪೈಲ್ವಾನ. ಇಬ್ಬರಿದ್ದರೋ, ಒಬ್ಬನೇ ಎರಡಾದನೋ, ನಾನು ಕೇಳಲಿಲ್ಲ. ಯಾವುದೋ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಮೇಜು, ಮೇಜಿನ ಮೇಲೆ ಬಿಳಿಯ ದುಪ್ಪಟಿ, ಆ ದುಪ್ಪಟಿಯ ಕೆಳಗಿನಿಂದ ಎರಡು ಗೆರೆಯ ಅಂಚು ಇಣುಕುತ್ತಿತ್ತು. ಸಾಹೇಬರು ದುಪ್ಪಟಿ ಎತ್ತಿದ್ದೇ ಅವನು ಬೈಗುಳ ಸುರುಮಾಡಿದ. ಇವರು ತಾವು ಯಾರೆಂದು ಹೇಳಿದ ಮೇಲೆ ಬೈಗುಳ ಇಮ್ಮಡಿಯಾಯಿತು. ಹಿಂದಿನ ವರ್ಷಗಳ ಕಂಬಳಿ ಚೆನ್ನಾಗಿತ್ತು, ಈಗಿನದು ಉಗುಳುತ್ತದೆ ಎಂದು ಒಂದು ಬಿಳಿಯ ಷರಟನ್ನು ಬಿಡಿಸಿ ಹಿಡಿದ. ಬೆನ್ನಿನ ಮೇಲೆಲ್ಲ ಕಂದು ಕಲೆ. ಹೀಗಾದರೆ ಗಿರಾಕಿ ನನ್ನ ಮುಖಕ್ಕೆ ಉಗಿಯುತ್ತಾನೆ, ನಾನು ನಿನ್ನ ಮುಖಕ್ಕೆ ಉಗಿಯಲೇ ಎಂದ.

“ಕೋಪ ಬರ್ಲಿಲ್ವೇ?” ಎಂದು ನಾನು ಕೇಳಿದ್ದು ನೆನಪಿದೆ.

“ಅರೆ, ಅಷ್ಟೊತ್ತಿಗೆ ಬೆರಳು ಕಂಬ್ಳಿ ಮೇಲಿತ್ತಲ್ಲ” ಎಂದರು. “ಬೆಚ್ಚಗೆ, ಅಂಟಂಟು. ಮೂಸಿ ನೋಡ್ದೆ. ಬೊಂಬಾಯಾಗೆ ನಮ್ಮ ಓಣಿ ವಾಸ್ನೆ ಹೊಡೀತು ಕಣಪ್ಪ. ಅಲ್ಲೇ ಮೆಟ್ಲು ಮೇಲೆ ಕುಂತ್ಬುಟ್ಟೆ.”

ಇಸ್ತ್ರಿ ಮಾಡುವವನು ಬಟ್ಟೆಗೆ ನೀರು ಚಿಮುಕಿಸುತ್ತಾನೆ, ಕೆಂಡದ ಪೆಟ್ಟಿಗೆ ಒತ್ತುತ್ತಾನೆ. ನೀರೂ ಬಿಸಿಯೂ ಸೇರಿ ಕಂಬಳಿಯ ಗಂಜಿ ಮತ್ತೆ ಕರಗಿ, ದುಪ್ಪಟಿಯನ್ನು ದಾಟಿ ಷರಟಿಗೆ ಹತ್ತುತ್ತಿತ್ತು. ದೂರದ ಜನಕ್ಕೆ ಒಳ್ಳೆಯದೇ ಹೋಗಲಿ ಎಂದು ಯಜಮಾನ ಬಳಿದ ಎರಡನೆಯ ಕೈಯೇ ಮಾಲನ್ನು ಕೆಡಿಸಿತ್ತು.

ಸಂಜೆ ಸೇಟುವಿನ ಮುಂದೆ ಸಾಹೇಬರು ಪಟ್ಟು ಹಿಡಿದರು. ವಾಪಸು ಬಂದದ್ದನ್ನು ಐಸಿನವರಿಗೆ ಕೊಡಿ, ಅವರು ಕೈಮುಗಿದು ಒಯ್ಯುತ್ತಾರೆ. ಇಸ್ತ್ರಿಯವರಿಗೆ ಗಂಜಿ ಪೂರಾ ತೊಳೆದ ಮಾಲು ತರುತ್ತೇನೆ. ಸೇಟು, ಮಳೆಗಾಲಕ್ಕೆ ಮುಂಚೆ ಒಂದು ಲಾರಿ ತಾ, ಅದೂ ವಾಪಸು ಬಂದರೆ ಮತ್ತೆ ಮುಖ ತೋರಿಸಬೇಡ ಎಂದ.

ನನ್ನ ಕಣ್ಣಾರೆ ಕಂಡದ್ದು ಇಲ್ಲಿಂದ ಮುಂದಿನದು. ರಜೆಗೆ ಬಂದಿದ್ದೆ. ಸಾಹೇಬರು ಅಂಗಡಿಯ ಜಗಲಿಯ ಮೇಲೆ ಯಜಮಾನನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಐಸಿನ ಮಾತಿಗೆ ಯಜಮಾನ ಬಾಯಿ ಬಿಟ್ಟುಕೊಂಡು ಕೇಳಿದ. ಇಸ್ತ್ರಿಯ ಮಾತಿಗೆ ಮುಖ ಸಣ್ಣಗಾಯಿತು. ಮನೆಯಲ್ಲಿ ನೇಯ್ದು ಇಟ್ಟ ಕಂಬಳಿಗಳನ್ನೆಲ್ಲ ಕೆರೆಗೆ ಒಯ್ದು ತೊಳೆಯಬೇಕು ಎಂದಾಗ ಮಾತ್ರ ಎದ್ದು ನಿಂತ.

“ಹೊಸ ಕಂಬ್ಳೀನ ನೀರಿಗಾಕ್ಬೇಕಾ? ಆಗಕಿಲ್ಲ ಸಾಬ್ರೆ.”

“ಯಾಕಾಗಲ್ಲ? ಕೆರೆಯಾಗೆ ಇನ್ನೂ ನೀರೈತೆ.”

“ಕೆರೆಯಾಗೈತೆ. ಮನುಷನ ಮೈ ಬಿಸಿ ಕಾಣೋಕೆ ಮುಂಚೆ ಕಂಬ್ಳಿ ನೀರು ಕಾಣ್ಬಾರ್ದು. ನಮ್ಮಪ್ಪ ಮಾಡಿಲ್ಲ, ಅವರಪ್ಪ ಮಾಡಿಲ್ಲ. ಒಬ್ಬರಾದ್ರೂ ಹೊದ್ದಿರ್ಬೇಕು. ಹೊದೀದೇ ತೊಳೆಯೋದು ಹೆಣದ ಬಟ್ಟೇನ.”

ಸಾಹೇಬರು ಬಗೆಬಗೆಯಾಗಿ ಹೇಳಿದರು. ಮಗ್ಗ ನಿಲ್ಲುತ್ತದೆ ಎಂದರು, ಸೇಟುವಿನ ಗಡುವನ್ನು ಹೇಳಿದರು. ಯಜಮಾನನಿಗೂ ಅದು ಗೊತ್ತಿತ್ತು. ಅವನ ಮನೆಯಲ್ಲಿ ಆ ಬೇಸಿಗೆಯಲ್ಲಿ ಮಗಳ ಬಾಣಂತನ. ಆದರೂ ಆಗದೆಂದು ತಲೆ ಆಡಿಸಿದ. ಹಿರಿಯ ಒಲ್ಲೆನೆಂದ ಮೇಲೆ ಓಣಿಯಲ್ಲಿ ಬೇರೆ ಯಾರೂ ಮುಂದೆ ಬರುವಂತಿರಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು. ತರ್ಕಶಾಸ್ತ್ರದ ಪುಸ್ತಕ ಓದಿಕೊಂಡಿದ್ದವನು, ಮೂಢನಂಬಿಕೆಯ ಮೇಲೆ ಒಂದು ಭಾಷಣ ಬಿಗಿಯಲು ಬಾಯಿ ತೆರೆದಿದ್ದೆ. ಸಾಹೇಬರು ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದರು. ಆಮೇಲೆ ಬಹಳ ಕುತೂಹಲದಿಂದ, ನಿಜವಾಗಿಯೂ ತಿಳಿಯಬೇಕೆಂಬ ದನಿಯಲ್ಲಿ, ಯಜಮಾನನನ್ನೇ ಕೇಳಿದರು: “ಎಷ್ಟೊತ್ತು ಹೊದ್ದಿರ್ಬೇಕು ಯಜಮಾನ್ರೆ?”

ಯಜಮಾನ ಇದನ್ನು ನಿರೀಕ್ಷಿಸಿರಲಿಲ್ಲ. ಈ ಪ್ರಶ್ನೆಯನ್ನು ಅವನಿಗೆ ಈತನಕ ಯಾರೂ ಕೇಳಿರಲಾರರು. ಓಣಿಯ ಕಡೆ ನೋಡಿ, “ಬೆವರು ಹತ್ತಿದ್ರೆ ಸಾಕು” ಎಂದ.

“ಯಾರು ಬೇಕಾದ್ರೂ ಹೊದೀಬೋದಾ?”

“ಮನುಷ ಆಗಿದ್ರೆ ಸಾಕು.”

ಸಾಹೇಬರು ಒಳಗೆ ಹೋಗಿ ಯಜಮಾನನದೇ ಒಂದು ಹೊಸ ಕಂಬಳಿ ತಂದು, ಆ ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ತಲೆಯ ಮೇಲಿಂದ ಹೊದ್ದು ಜಗಲಿಯ ಮೇಲೆ ಕೂತರು. ಬೆವರು ಗಡ್ಡಕ್ಕೆ ಇಳಿದ ಮೇಲೆ ತೆಗೆದು ಪಕ್ಕಕ್ಕಿಟ್ಟು, ಇನ್ನೊಂದನ್ನು ಹೊದ್ದರು. ಪರದೆಯ ಹಿಂದಿನಿಂದ ಅವರ ಹೆಂಡತಿ, ಜ್ವರ ಬಂದವರಿಗೂ ಒಂದು ಕಂಬಳಿ ಸಾಕಾಗುತ್ತದೆ, ಇವರಿಗೆ ಬಂದಿರುವುದು ಏನೋ ಬೇರೆ ಎಂದದ್ದು ಬೀದಿಗೆಲ್ಲ ಕೇಳಿಸಿತು. ಆಮೇಲೆ ಅವರೇ ಒಂದು ಗಡಿಗೆ ಮಜ್ಜಿಗೆ ಕಳಿಸಿದರು.

ಒಬ್ಬರಿಂದ ಮುಗಿಯುವ ಕೆಲಸವೇ? ಬಸ್ಸಿಗೆ ಕಾಯುತ್ತಿದ್ದವರು, ಚಹಾ ಕುಡಿಯಲು ಬಂದವರು, ಸಂತೆಗೆ ಬಂದವರನ್ನೆಲ್ಲ ಸಾಹೇಬರು ಕರೆದು ಕೂರಿಸಿದರು. ಕುರಿಗಾರನೊಬ್ಬ ಹೊದ್ದು ಅಲ್ಲೇ ಗೊರಕೆ ಹೊಡೆದ. ಲಾರಿಯ ಡ್ರೈವರು ಎರಡು ಹೊದ್ದ. “ಏನ್ಲಾ, ನಿಮ್ಮೂರ್ನಾಗೆ ಹಿಮ ಬಿತ್ತೇನ್ಲಾ?” ಎಂದು ದಾರಿಹೋಕರೊಬ್ಬರು ಕೂಗಿದ್ದಕ್ಕೆ ಸಾಹೇಬರು ಒಳಗಿನಿಂದಲೇ, “ಬಾಪ್ಪ, ನಿಂಗೂ ಒಂದೈತೆ” ಎಂದರು. ನನಗೂ ಒಂದು ಬಂತು. “ಕಾಲೇಜಪ್ಪ, ಪುಸ್ತಕದ ಬಿಸಿ ಇದಕ್ಕೂ ಸ್ವಲ್ಪ ತಗಲ್ಲಿ” ಎಂದು ಹೊದಿಸಿದರು. ಆ ಚುಚ್ಚುವ ಉಣ್ಣೆ, ಉಪ್ಪಾದ ಕತ್ತಲೆ, ಹುಣಸೆ ಬೀಜದ ವಾಸನೆ, ಹೊರಗೆ ಜನರ ನಗು. ಇದೊಂದನ್ನು ಮಾತ್ರ ನಾನು ಸಂದೇಹಿಸಲಾರೆ. ಮೈಗೆ ನೆನಪಿರುವುದು ತಲೆಗೆ ನೆನಪಿರುವುದಕ್ಕಿಂತ ಗಟ್ಟಿ.

ಯಜಮಾನ ಜಗಲಿಯ ತುದಿಯಲ್ಲಿ ಕೂತು, ತೆಗೆದಿಟ್ಟ ಪ್ರತಿ ಕಂಬಳಿಯನ್ನೂ ಮುಟ್ಟಿ ನೋಡುತ್ತಿದ್ದ. ಸಾಲದು ಎನಿಸಿದರೆ ಮತ್ತೆ ಹೊದೆಯಲು ಕೊಡುತ್ತಿದ್ದ. ಯಾರೂ ಅವನನ್ನು ನೋಡಿ ನಗಲಿಲ್ಲ. ನಗು ಬಂದರೆ ಸಾಹೇಬರನ್ನು ನೋಡಿ ನಗಲಿ ಎಂಬಂತೆ ಸಾಹೇಬರು ನಡುವೆ ಕೂತು ಬೇಕೆಂದೇ ಇನ್ನಷ್ಟು ಆಡಿದರೆಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಿತ್ತೇ, ಹೇಳಲಾರೆ. ಹತ್ತಾರು ದಿನ ಇದು ನಡೆದಿರಬೇಕು. ಕಡೆಗೊಂದು ಬೆಳಿಗ್ಗೆ ಯಜಮಾನನೇ ಮೊದಲನೆಯ ಕಂಬಳಿಯನ್ನು ಕೆರೆಯ ನೀರಿಗೆ ಇಳಿಸಿದ.

ಆ ಲಾರಿ ವಾಪಸು ಬರಲಿಲ್ಲ. ಅಲ್ಲಿಂದಾಚೆಗೆ ಬೊಂಬಾಯಿಗೆ ಎರಡು ಬಗೆಯ ಮಾಲು ಹೋಗತೊಡಗಿತು, ಐಸಿಗೆ ಗಂಜಿಯದು, ಇಸ್ತ್ರಿಗೆ ತೊಳೆದದ್ದು. ಬೇಸಿಗೆಯಲ್ಲಿ ಸಿರಾದ ಆ ಬೀದಿಯಲ್ಲಿ ಕೆಲವು ವರ್ಷ ಜನ ಕಂಬಳಿ ಹೊದ್ದು ಕೂರುತ್ತಿದ್ದರು.

ಅರವತ್ತರ ದಶಕದಲ್ಲಿ ಕಚೇರಿಯ ಕೆಲಸದ ಮೇಲೆ ನನಗೂ ಎರಡು ದಿನಕ್ಕೆ ಬೊಂಬಾಯಿಗೆ ಹೋಗಬೇಕಾಯಿತು. ಕೆಲಸ ಬೇಗ ಮುಗಿಯಿತು, ಒಂದು ಮಧ್ಯಾಹ್ನ ಪೂರ್ತಿ ಕೈಯಲ್ಲಿತ್ತು. ಒಬ್ಬನೇ ಹೋಗಿ ಕಮಾನು ನೋಡಿದೆ. ಚೆನ್ನಾಗಿತ್ತು. ಅದರ ನೆರಳಲ್ಲಿ ನಿಂತು, ಇಷ್ಟು ದೂರ ಬಂದವನು ಚಿತ್ರದಲ್ಲಿ ಕಂಡದ್ದನ್ನೇ ಇನ್ನೊಮ್ಮೆ ನೋಡಿದೆನಲ್ಲ ಎನಿಸಿತು. ಹಿಂದಿನ ಗಲ್ಲಿಗಳಿಗೆ ನುಗ್ಗಿದೆ. ಒಂದು ಮೆಟ್ಟಿಲ ಕೆಳಗೆ ಇಸ್ತ್ರಿಯವನಿದ್ದ. ದುಪ್ಪಟಿ ಎತ್ತಲೇ ಎಂದು ಕೇಳಿದೆ. ಹುಚ್ಚನೆಂದುಕೊಂಡನೋ ಏನೋ, ಎತ್ತಲು ಬಿಟ್ಟ. ಕರಿಯ ಕಂಬಳಿಯಿತ್ತು. ಅಂಚು ಸುಟ್ಟುಹೋಗಿತ್ತು. ಬಿಳಿ ಗೆರೆ ಇತ್ತೆಂದು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಇತ್ತೋ, ಇರಲಿ ಎಂದು ಬಯಸಿದೆನೋ.

ಊರಿಗೆ ಹೋದಾಗ ಸಾಹೇಬರಿಗೆ ಹೇಳಿದೆ. ಆಗ ಅವರಿಗೆ ಕಣ್ಣು ಮಂಜಾಗಿತ್ತು, ಬೆರಳು ಮಾತ್ರ ಮೊದಲಿನಂತೆಯೇ ನನ್ನ ಷರಟಿನ ತುದಿಯನ್ನು ಹಿಡಿದಿತ್ತು. ಕಮಾನಿನ ಬಗ್ಗೆ, ನಾನಿಳಿದಿದ್ದ ಹೋಟೆಲಿನ ಬಗ್ಗೆ ಅವರು ಏನೂ ಕೇಳಲಿಲ್ಲ.

“ಮುಟ್ಟಿದೆಯಾ?”

“ಮುಟ್ಟಿದೆ.”

“ಹೆಂಗಿತ್ತು?”

“ಬಿಸಿ ಇತ್ತು.”

ಅವರು ಬಹಳ ಹೊತ್ತು ನಗುತ್ತಿದ್ದರು. ಆಮೇಲೆ ಒಳಗೆ ಕೂಗಿ ಹೆಂಡತಿಗೂ ಅದನ್ನು ಹೇಳಿದರು. ಗೊತ್ತಿಲ್ಲದ ಊರಿಗೆ ಹೋದಾಗ ಇವತ್ತಿಗೂ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ, ಗೋಡೆಗೆ, ಕಂಬಕ್ಕೆ, ಸಂತೆಯಲ್ಲಿ ಮಾರಲಿಟ್ಟ ಬಟ್ಟೆಗೆ. ನನ್ನ ಹೆಂಡತಿ ನಾಚಿಕೊಳ್ಳುತ್ತಾಳೆ. ಅದು ಅವರಿಂದ ಬಂದದ್ದು. ಇನ್ನೊಂದೂ ಅವರಿಂದಲೇ ಬಂದದ್ದು: ಯಾರಾದರೂ ಆಗುವುದಿಲ್ಲವೆಂದರೆ, ಭಾಷಣಕ್ಕೆ ಬಾಯಿ ತೆರೆಯುವ ಮುಂಚೆ, ಎಷ್ಟು ಹೊತ್ತು, ಯಾರು, ಹೇಗೆ ಎಂದು ಕೇಳುವುದು. ಎಲ್ಲ ಸಲವೂ ನನಗೆ ಅದು ಸಾಧ್ಯವಾಗಿಲ್ಲ.

ಅವರು ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ತಿಂಗಳ ಮೇಲೆ ಹೋದೆ. ನಮ್ಮ ತಾಯಿ ಹೇಳಿದರು, ಜೀವ ಹೋದದ್ದು ಸಂಜೆ, ನಮ್ಮ ಕಡೆ ಅಪರೂಪವಾದ ಜಡಿಮಳೆ ಮರುದಿನ ಬೆಳಗಿನಿಂದಲೇ ಹಿಡಿದಿತ್ತಂತೆ. ಮಣ್ಣಿಗೆ ಒಯ್ಯಲು ಎಲ್ಲರೂ ಜಗಲಿಯ ಮೇಲೆ ಮಳೆ ನಿಲ್ಲಲೆಂದು ಕಾಯುತ್ತಿದ್ದಾಗ, ಯಜಮಾನ ಹೊಚ್ಚಹೊಸ ಕಂಬಳಿಯೊಂದನ್ನು ಮೈತುಂಬ ಹೊದ್ದು ಸೂರಿನಡಿಯಲ್ಲೇ ಹಾಯ್ದು ಬಂದನಂತೆ. ವಯಸ್ಸಾದವನು, ಜ್ವರವಿರಬೇಕು ಎಂದುಕೊಂಡರು. ಅವನು ಸಾಹೇಬರ ಮಕ್ಕಳನ್ನು ಕೇಳಿ, ಹೊದ್ದದ್ದನ್ನು ತೆಗೆದು ಜನಾಜದ ಮಂಚದ ಮೇಲೆ ಹಾಸಿದ. ಗಂಜಿ ಎರಡು ಕೈ ಬಳಿದ ಕಂಬಳಿ. ಖಬರಸ್ತಾನದ ತನಕ ಒಂದು ಹನಿಯೂ ಒಳಗೆ ಇಳಿಯಲಿಲ್ಲವಂತೆ.

ನಾನು ಕಂಡದ್ದಲ್ಲವಾದ್ದರಿಂದ, ಓಣಿಗೆ ಹೋಗಿ ಯಜಮಾನನನ್ನೇ ಕೇಳಿದೆ, ಹೌದೇ ಎಂದು. ಅವನು ಹಾಸಿನ ನೂಲಿಗೆ ಗಂಜಿ ಬಳಿಯುತ್ತಿದ್ದ, ಕುಂಚ ನಿಲ್ಲಿಸಲಿಲ್ಲ.

“ಮಳೆ ಬರೋದು ಕಾಣ್ತಿತ್ತು. ನೀರು ಕಾಣೋಕೆ ಮುಂಚೆ ಮೈ ಬಿಸಿ ಕಾಣ್ಬೇಕಲ್ಲಪ್ಪ. ಅವರ ಮೈಯಾಗೆ ಇನ್ನೆಲ್ಲಿತ್ತು. ಅದ್ಕೇ ನಾನೇ ರಾತ್ರಿಯೆಲ್ಲಾ ಹೊದ್ದಿದ್ದೆ.”